ಹೊಸ್ತಿಲಿನ ಮೊಳೆ

"ಮನಿ ಪಾರ್ಕಿಗೆ ಕೊಟ್ಟಾಯ್ತು, ಏನ್ ಬೇಕಾದ್ರೂ ಮಾಡ್ಕೊಳ್ರಿ. ಹೊಸ್ತಿಲಿನ ಮೊಳೆ ಒಂದು ಮಾತ್ರ ಕೀಳಬ್ಯಾಡ್ರಿ," ಎಂದರು ಕಸ್ತೂರಮ್ಮ.

ವಾಣಿಶ್ರೀ ನಕ್ಕಳು. ಹರಿಹರದ ಹೊರಗೆ, ತುಂಗಭದ್ರೆಯ ದಂಡೆಯ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಸುತ್ತ ಉದ್ಯಾನ ಬೆಳೆಸುತ್ತಿದ್ದರು. ಅಲ್ಲಿಗೆ ಇಂಜಿನಿಯರಾಗಿ ಬಂದು ಅವಳಿಗೆ ತಿಂಗಳೂ ಆಗಿರಲಿಲ್ಲ. ತುಕ್ಕು ಕಂಡರೆ ಕೈ ತುರಿಸುವ ಹೆಂಗಸು. ತುಕ್ಕು ತೇಗವನ್ನು ಒಳಗಿನಿಂದ ತಿನ್ನುತ್ತದೆ, ಮೊದಲು ಮೊಳೆ ಕೀಳಬೇಕು, ಆಮೇಲೆ ಮರಕ್ಕೆ ಎಣ್ಣೆ ಕುಡಿಸಬೇಕು. ಅವಳು ಕಲಿತ ವಿದ್ಯೆ ಅಷ್ಟು ಸರಳವಾಗಿತ್ತು, ಪಾಪ.

"ಯಾಕಮ್ಮಾ, ಕಿತ್ರೆ ಏನಾಗುತ್ತೆ?"

ಕಸ್ತೂರಮ್ಮ ಸೆರಗನ್ನು ಬಾಯಿಗೆ ಹಿಡಿದರು. "ನಮ್ಮ ಮನೆತನದ ಪಾಪ ಅದು. ಗಂಡ ಸತ್ತ ಸೊಸಿ ಒಬ್ಬಳಿದ್ಲಂತೆ. ಆಕೀ ಮಗಳನ್ನ ಕಿತ್ಕೊಂಡು, ರೈಲು ಹತ್ತಿಸಿ ಎಲ್ಲಿಗೋ ಕಳಿಸಿಬಿಟ್ರು. ಮಗಳ ಹಿಂದೆ ಆಕಿ ಹೋಗಬಾರ್ದು ಅಂತ, ಆಕೀ ಹೆಜ್ಜೆ ಮಣ್ಣು ತಗೊಂಡು ಮಾಟ ಮಾಡಿಸಿ, ಹೊಸ್ತಿಲಿಗೆ ಮೊಳೆ ಬಡಿಸಿದ್ರು. ಸಾಯೋತನಕ ಹೊರಗ ಕಾಲಿಡಲಿಲ್ಲ. ಸತ್ತ ಮ್ಯಾಲೂ ಒಳಗೇ ಅದಾಳೆ."

"ಕತೆ ಚೆನ್ನಾಗೈತೆ ಬಿಡ್ರಿ. ಬೋರ್ಡ್ ಬರೆಸ್ತೀನಿ, ನೋಡಾಕೆ ಜನ ಬರ್ತಾರೆ."

ಕಸ್ತೂರಮ್ಮ ನಗಲಿಲ್ಲ. ಕಾರು ಹತ್ತಿ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ತಮ್ಮ ಮನೆಗೆ ಹೊರಟುಹೋದರು.

ಅಂದು ವಾಣಿಶ್ರೀಯ ಮಗಳು ಪೂಜಾಗೆ ಶಾಲೆ ರಜೆ. ತಾಯಿ ಮಗಳು ದಾವಣಗೆರೆಯಿಂದ ರೈಲಿನಲ್ಲಿ ಬಂದಿದ್ದರು. ಉದ್ಯಾನದ ಬೇಲಿಯಾಚೆ ಪುಟ್ಟ ನಿಲ್ದಾಣವಿತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಅಲ್ಲಿ ನಿಲ್ಲುತ್ತಿತ್ತು, ಇಳಿಯುವವರೇ ಇರುತ್ತಿರಲಿಲ್ಲ. ಸಂಜೆ ಕೆಲಸದವರು ಹೋದ ಮೇಲೆ ವಾಣಿಶ್ರೀ ಬ್ಯಾಗನ್ನೂ ಫೋನನ್ನೂ ಮಗಳ ಕೈಗೆ ಕೊಟ್ಟು, "ಬೆಂಚಿನ ಮೇಲೆ ಕೂತಿರು, ಬಂದೆ," ಎಂದಳು. ನಿಲ್ದಾಣದ ಆ ಬೆಂಚು ಮನೆಯ ಬಾಗಿಲಿಗೆ ನೇರ ಕಾಣುತ್ತಿತ್ತು. ಒಂದು ಮೊಳೆ ಕೀಳಲು ಎಷ್ಟು ಹೊತ್ತು ಬೇಕು?

ಮನೆಯೊಳಗೆ ಕತ್ತಲಾಗಿತ್ತು. ಬಾವಲಿ ಹಿಕ್ಕೆಯ ಘಾಟು, ಒದ್ದೆ ಸುಣ್ಣದ ವಾಸನೆ. ಅವಳು ಒಳಗಡೆ ಕೂತು, ಬರಿಗಾಲನ್ನು ಹೊಸ್ತಿಲಿಗೆ ಒತ್ತಿ, ಇಕ್ಕಳ ಹಾಕಿ ಎಳೆದಳು. ಮೊಳೆ ನರಳಿತು. ಮತ್ತೆ ಎಳೆದಳು. ಕಿತ್ತು ಬಂದು ಹೊರಗಿನ ಮೆಟ್ಟಿಲಿಗೆ ಹಾರಿತು. ತೂತಿನಿಂದ ಕಪ್ಪು ಮಣ್ಣು ಉಕ್ಕಿ ಅವಳ ಕಾಲಡಿಗೆ ಹರಡಿತು, ಅದರಲ್ಲಿ ಅವಳ ಹಿಮ್ಮಡಿ ಚೆನ್ನಾಗಿ ಮೂಡಿತು.

ಸುಟ್ಟ ಕೂದಲಿನ ನಾತ ಬಂತು. ಬೆನ್ನ ಹಿಂದೆ, ನಡುಮನೆಯಿಂದ, ಬರಿಗಾಲಿನ ಸದ್ದು.

ತಣ್ಣಗಿನದೇನೋ ಅವಳನ್ನು ಸವರಿಕೊಂಡು ಹೊರಗೆ ಹೋಯಿತು. ಮೆಟ್ಟಿಲ ಮೇಲೆ ಅವಳದೇ ರೂಪ ನಿಂತಿತ್ತು. ಅದೇ ಹಸಿರು ಚೂಡಿದಾರ, ಅದೇ ಜಡೆ. ಅದು ತಿರುಗಿ ನೋಡಲಿಲ್ಲ. ನಡೆಯಲು ಕಲಿಯುವ ಮಗುವಿನಂತೆ ಒಂದೊಂದೇ ಹೆಜ್ಜೆ ಇಟ್ಟಿತು. ದೂರದಲ್ಲಿ ರೈಲು ಕೂಗಿತು. ಆ ರೂಪ ನಿಲ್ದಾಣದತ್ತ ಓಡತೊಡಗಿತು.

ವಾಣಿಶ್ರೀ ಎದ್ದಳು. ಹೊಸ್ತಿಲಾಚೆ ಕಾಲು ಚಾಚಿದಳು. ಕಾಲು ಒಳಗೇ ಬಿತ್ತು. ಮತ್ತೆ ಚಾಚಿದಳು. ಮತ್ತೆ ಒಳಗೇ. ಮಾಟದ ಮಣ್ಣಿನಲ್ಲಿ ಈಗ ಅವಳ ಹೆಜ್ಜೆಯಿತ್ತು. ಪೂಜಾ ಎಂದು ಕೂಗಿದಳು. ದನಿ ಬಾಗಿಲು ದಾಟಲಿಲ್ಲ. ರೈಲು ಬಂತು. ಪೂಜಾ ಎದ್ದಳು. ನಕ್ಕಳು. ಅದರ ಕೈ ಹಿಡಿದಳು. ಹತ್ತಿದರು. ರೈಲು ಹೋಯಿತು.

ರಾತ್ರಿಯೆಲ್ಲ ಅವಳು ಬಾಗಿಲಲ್ಲೇ ಬಿದ್ದು ಅತ್ತಳು. ಮಗಳ ಮೈಗೆ ಒಂದು ಗೀರೂ ಆಗದಿರಲಿ, ತನಗೆ ಏನಾದರೂ ಆಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡಳು.

ಬೆಳಗಿನ ರೈಲಿನಿಂದ ಇಬ್ಬರು ಇಳಿದರು. ಪೂಜಾಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು, ಹೂ ಮುಡಿಸಿತ್ತು ಅದು. ಕಸ್ತೂರಮ್ಮ ಆಗಲೇ ಬಂದು, ಖಾಲಿ ತೂತು ನೋಡುತ್ತ ನಿಂತಿದ್ದರು.

"ನಿಮ್ಮ ಮಾತು ಕೇಳಬೇಕಿತ್ರಿ," ಎಂದಿತು ಅದು, ಹೊಸ್ತಿಲಿಂದ ದೂರ ನಿಂತು. "ದುಡುಕಿ ಕಿತ್ತುಬಿಟ್ಟೆ. ವಾಪಸ್ ಬಡಿದುಬಿಡ್ರಿ."

"ನಿಮಗೇನೂ ಆಗಿಲ್ಲಲ್ಲ, ಸದ್ಯ. ಪುಣ್ಯವಂತೆ ನೀವು."

ಕಸ್ತೂರಮ್ಮ ಮೆಟ್ಟಿಲ ಮೇಲಿನ ಮೊಳೆ ಹುಡುಕಿ ತೆಗೆದರು. ಹಿಮ್ಮಡಿ ಮೂಡಿದ್ದ ಕಪ್ಪು ಮಣ್ಣನ್ನು ಬಳಿದು ತೂತಿಗೆ ತುಂಬಿದರು. ಬೇಡ ಎಂದು ವಾಣಿಶ್ರೀ ಅವರ ಕೈ ಹಿಡಿದುಕೊಂಡಳು. ಅವರಿಗೆ ಅವಳು ಕಾಣಲೂ ಇಲ್ಲ, ಆ ಹಿಡಿತ ತಿಳಿಯಲೂ ಇಲ್ಲ. ಸುತ್ತಿಗೆ ಬಿತ್ತು. ಅವಳ ಹಿಮ್ಮಡಿ ಸೀಳಿತು.

"ಅಮ್ಮಾ, ಒಳಗೆ ಯಾರೋ ಅಳ್ತಾ ಇದಾರೆ," ಎಂದಳು ಪೂಜಾ.

ಅದು ಮಗುವಿನ ತಲೆ ಸವರಿತು. "ಹಳೇ ಮನಿ ಅಲ್ಲೇನವ್ವ. ಗಾಳಿ ಅದು."

ಕಸ್ತೂರಮ್ಮ ಇನ್ನೊಂದು ಏಟು ಹಾಕಿದರು.