ಆ ಸಾವಿಗೆ ವಾರಸುದಾರರಿದ್ದಾರೆ

ಹತ್ತು ಗಂಟೆಯಾದರೂ ಮಂಜು ಕರಗದ ಒಂದು ಬೆಳಗ್ಗೆ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ರೈಲ್ವೆ ಪೊಲೀಸ್ ಠಾಣೆಗೆ ಬಂದು, ತನ್ನ ಗಂಡನ ಸಾವನ್ನು ಯಾರೋ ಕದ್ದಿದ್ದಾರೆಂದು ದೂರು ಕೊಟ್ಟಳು.

ಇನ್‌ಸ್ಪೆಕ್ಟರಿಗೆ ಆ ವಾರವೆಲ್ಲ ಸಣ್ಣ ಜ್ವರ. ಎದುರಿಗಿದ್ದವರ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ತಮ್ಮ ಕಿವಿಯದೇ ತಪ್ಪಿರಬೇಕೆಂದು ಇನ್ನೊಮ್ಮೆ ಕೇಳಿದರು.

"ಏನು ಕದ್ದಿದ್ದಾರೆ?"

"ಸಾವು ಸಾರ್."

ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು. ಎರಡು ತಿಂಗಳ ಹಿಂದೆ ಬೇರೆ ಊರಿನ ಕೆಲಸ ಮುಗಿಸಿ, ಸಂಜೆಯ ರೈಲು ಹತ್ತಿದ್ದೇನೆಂದು ಫೋನ್ ಮಾಡಿದವನು ಬರಲೇ ಇಲ್ಲ. ಕುಡಿದು ಎಲ್ಲೋ ಬಿದ್ದಿದ್ದಾನೆಂದರು ನೆಂಟರು. ಇನ್ನೊಬ್ಬಳ ಹಿಂದೆ ಹೋದನೆಂದರು ನೆರೆಯವರು. ಆಡುವವರ ಬಾಯಿಗೆ ಬೀಗವುಂಟೇ? ಅಲೆದಲೆದು, ಅದೇ ದಿನ ಅದೇ ರೈಲಿನಿಂದ ಒಬ್ಬ ಬಿದ್ದು ಸತ್ತನೆಂಬುದು ತಿಳಿಯಿತು. ರೈಲ್ವೆಯ ಪರಿಹಾರದ ಕಚೇರಿಗೆ ಹೋದರೆ ಗುಮಾಸ್ತ ಕತ್ತೆತ್ತದೆ ಹೇಳಿದನಂತೆ: "ಆ ಸಾವಿಗೆ ವಾರಸುದಾರರಿದ್ದಾರಮ್ಮ. ಅವರ ಅರ್ಜಿಯೂ ಬಂದಿದೆ."

"ನಿನ್ನ ಗಂಡನ ಗುರುತು ಏನಾದ್ರೂ?"

"ಎಡಗಾಲಿನ ಮೂಳೆಗೆ ಸ್ಟೀಲ್ ಪಟ್ಟಿ ಹಾಕಿದಾರೆ. ಬಣ್ಣ ಹೊಡೀವಾಗ ಸಾರುವೆ ಮೇಲಿಂದ ಬಿದ್ದಿದ್ದ."

"ಕೈಲಿ ಏನಿತ್ತು?"

"ಮಗಳಿಗೆ ಶೂ ತಗೊಂಡಿದ್ದೀನಿ ಅಂದ. ಕೆಂಪು ಬಣ್ಣದ್ದು. ಅವಳು ಆಗ ತಾನೇ ಹೆಜ್ಜೆ ಇಡೋಕೆ ಶುರು ಮಾಡಿದ್ಲು."

ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಹಳೆಯ ಪಂಚನಾಮೆ ಹುಡುಕಿ ತಂದ. ಮುಖ ಜಜ್ಜಿಹೋಗಿದ್ದ ಶವ. ಮರಣೋತ್ತರ ವರದಿಯಲ್ಲಿ ಸ್ಟೀಲ್ ಪಟ್ಟಿ ಇತ್ತು. ಚೀಲದಲ್ಲಿ ಮಕ್ಕಳ ಕೆಂಪು ಶೂ, ಒಂದು ಜೊತೆ. ಶವವನ್ನು ಗುರುತಿಸಿ ಪಡೆದವನು ಪೇಟೆಬೀದಿಯ ಕನ್ನಡಕದಂಗಡಿಯ ಮುದುಕ; ಸತ್ತವನು ತನ್ನ ಮದುವೆಯಾಗದ ಮಗನೆಂದು ಹೇಳಿಕೆ ಕೊಟ್ಟಿದ್ದ.

"ಮದುವೆಯಾಗದವನ ಚೀಲದಲ್ಲಿ ಮಕ್ಕಳ ಶೂ. ಯಾರೂ ಕೇಳಲಿಲ್ವಾ?"

ಹೆಡ್ ಕಾನ್‌ಸ್ಟೇಬಲ್ ತಲೆ ಕೆರೆದುಕೊಂಡ. "ಅಷ್ಟು ಅಳ್ತಾ ಇದ್ದೋರನ್ನ ಏನಂತ ಕೇಳೋದು ಸಾರ್?"

ಬಣ್ಣದವನಿಗೆ ಶಸ್ತ್ರಚಿಕಿತ್ಸೆ ಮಾಡಿದ್ದ ವೈದ್ಯರು ಮರುದಿನ, ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿದ್ದ ಶವದ ಎಕ್ಸ್‌ರೇ ನೋಡಿ, ಪಟ್ಟಿ ತಾವೇ ಹಾಕಿದ್ದೆಂದು ಹೇಳಿಕೆ ಕೊಟ್ಟರು.

ಮಧ್ಯಾಹ್ನ ಇನ್‌ಸ್ಪೆಕ್ಟರೂ ಹೆಡ್ ಕಾನ್‌ಸ್ಟೇಬಲೂ ಕನ್ನಡಕದಂಗಡಿಗೆ ಹೋದರು. ಗಾಜಿನ ಕಪಾಟುಗಳ ತುಂಬ ಕನ್ನಡಕಗಳು. ನೂರಾರು ಮಸೂರಗಳಲ್ಲಿ ನೂರಾರು ಪುಟಾಣಿ ಇನ್‌ಸ್ಪೆಕ್ಟರುಗಳು ತಲೆಕೆಳಗಾಗಿ ಒಳಗೆ ಬಂದರು. ಜ್ವರದ ಕಣ್ಣಿಗೆ ಅಂಗಡಿಯೇ ತೇಲಿದಂತಾಗಿ ಅವರು ಸ್ಟೂಲ್ ಎಳೆದು ಕೂತರು. ಹೆಡ್ ಕಾನ್‌ಸ್ಟೇಬಲ್ ಗೋಡೆಯ ಅಕ್ಷರದ ಹಲಗೆಯನ್ನು ಮನಸ್ಸಿನಲ್ಲೇ ಓದತೊಡಗಿ, ಮೂರನೆಯ ಸಾಲಿಗೇ ಮುಗ್ಗರಿಸಿ, ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದ.

"ಮಗ ಮನೆ ಬಿಟ್ಟು ಎಷ್ಟು ವರ್ಷ ಆಯ್ತು?"

"ಎಂಟು."

"ಯಾಕೆ ಬಿಟ್ಟ?"

"ಮಾತಿಗೆ ಮಾತು ಬೆಳೀತು. ಹೋಗು ಅಂದೆ. ಹೋದ."

"ಆ ಶವ ಅವನದೇ ಅಂದ್ಕೊಂಡ್ರಾ?"

ಮುದುಕ ಒರೆಸುತ್ತಿದ್ದ ಗಾಜನ್ನು ಕೆಳಗಿಟ್ಟ. ಸುಳ್ಳು ಹೇಳಲು ಬೇಕಾದಷ್ಟು ಹೊತ್ತು ತೆಗೆದುಕೊಂಡ, ಆದರೆ ಹೇಳಲಿಲ್ಲ.

"ಇಲ್ಲ. ಊರಿಗೆಲ್ಲ ಕಣ್ಣು ಹೊಂದಿಸಿಕೊಟ್ಟೋನು ನಾನು. ಹೆತ್ತ ಮಗನ ಪಾದ ಗೊತ್ತಾಗಲ್ವಾ?"

"ಮತ್ತೆ?"

"ಎಲ್ಲಿ ಅನಾಥ ಶವ ಸಿಕ್ಕಿದೆ ಅಂದ್ರೂ ಹೋಗಿ ನೋಡ್ತಿದ್ದೆ. ಪ್ರತಿ ಸಲವೂ ಅಲ್ಲ, ಅಲ್ಲ ಅಂತ ವಾಪಸ್ ಬರ್ತಿದ್ದೆ. ಮನೇಲಿ ಇವಳು ಎಂಟು ವರ್ಷದಿಂದ ನೆಟ್ಟಗೆ ಮಲಗಿಲ್ಲ. ಮೆಟ್ಟಿಲ ಮೇಲೆ ಬೆಕ್ಕು ಹತ್ತಿದ್ರೂ ಎದ್ದು ಕೂರ್ತಾಳೆ. ಅವತ್ತು ನನ್ನ ಬಾಯಿಂದ ಹೌದು ಅಂತ ಬಂದುಬಿಡ್ತು." ಗಾಜನ್ನು ಮತ್ತೆ ಎತ್ತಿಕೊಂಡು ಒರೆಸುತ್ತ ಮುಂದುವರಿಸಿದ. "ಮಣ್ಣು ಮಾಡಿ ಬಂದ ದಿನ ಅವಳು ಅತ್ತು ಅತ್ತು ಮಲಗಿದಳು. ಬಿಸಿಲೇರಿದ್ರೂ ಏಳಲಿಲ್ಲ. ಉಸಿರಾಡ್ತಾ ಇದಾಳಾ ಅಂತ ಮೂಗಿನ ಹತ್ರ ಕೈ ಹಿಡಿದು ನೋಡ್ದೆ."

"ಪರಿಹಾರಕ್ಕೆ ಅರ್ಜಿ ಹಾಕಿದ್ರಲ್ಲ?"

"ವಕೀಲರ ಕಡೆಯೋನು ಅರ್ಜಿ ಹಿಡ್ಕೊಂಡು ಶವಾಗಾರದ ಬಾಗಿಲಲ್ಲೇ ಕಾಯ್ತಿದ್ದ. ಸಹಿ ಹಾಕಲ್ಲ ಅಂದ್ರೆ, ಇವನು ನಿಮ್ಮ ಮಗನೇ ಅಲ್ವಾ ಅಂತ ಕೇಳಿಬಿಡ್ತಾನೆ ಅನ್ನಿಸ್ತು."

"ಶೂ?"

ಮುದುಕ ಮೇಜಿನ ಖಾನೆ ಎಳೆದ. ಮಸೂರ ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. "ಚೀಲ ಬಿಚ್ಚಿ ಇದನ್ನ ನೋಡಿದ ದಿನದಿಂದ ನನ್ನ ನಿದ್ದೆ ಹೋಯ್ತು. ಎಲ್ಲೋ ಒಂದು ಮಗು ಇದೆ ಅಂತ ಗೊತ್ತಿತ್ತು. ಆದ್ರೂ ಸುಮ್ಮನಿದ್ದೆ. ಅದಕ್ಕೆ ಏನು ಶಿಕ್ಷೆಯೋ ಅದನ್ನ ಕೊಡಿ."

ಜಪ್ತಿ ಪಂಚನಾಮೆ ಬರೆದು, ಮೂರೂ ಇಪ್ಪತ್ತಕ್ಕೆ ಬಂಧಿಸಿದರು. ಮುದುಕ ತಾನೇ ಅಂಗಡಿಯ ಶಟರ್ ಎಳೆದ. ಅಂದು ಸಂಜೆ ಇನ್‌ಸ್ಪೆಕ್ಟರ್ ವರದಿಯಲ್ಲಿ 'ಪರಿಹಾರದ ಆಸೆಯಿಂದ' ಎಂದು ಬರೆದು, ಬಹಳ ಹೊತ್ತು ನೋಡಿ, ಹೊಡೆದುಹಾಕಿ, 'ಹೆಂಡತಿಗೆ ನಿದ್ದೆ ಬರಲೆಂದು' ಎಂದು ಬರೆದರು. ಮೇಲಿನವರು ನಗಲಿ ಬಿಡಲಿ, ಅದು ಅವರ ಪಾಡು.

ಆದೇಶ ಬಂದು ಸಮಾಧಿ ತೆರೆಯಲಿದ್ದ ದಿನವೂ ಮಂಜು ಕವಿದಿತ್ತು. ಇಸ್ತ್ರಿಯ ಹೆಂಗಸು ಸ್ಮಶಾನದ ಕಲ್ಲುಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅಗೆಯುವವರು ಇನ್ನೂ ಬಂದಿರಲಿಲ್ಲ. ಬಿಳಿ ಮಂಜಿನೊಳಗಿಂದ ನಿಧಾನವಾಗಿ ಒಬ್ಬ ಮುದುಕಿ ನಡೆದು ಬಂದಳು. ಕನ್ನಡಕದವನ ಹೆಂಡತಿ. ಅವಳನ್ನು ಯಾರೂ ಕರೆಸಿರಲಿಲ್ಲ. ಇನ್‌ಸ್ಪೆಕ್ಟರ್ ತಡೆಯಲು ಎರಡು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು.

"ನನ್ನ ಮಗ ಅಲ್ವಂತೆ," ಎಂದಳು ಮುದುಕಿ. "ಎಲ್ಲಿದಾನೋ ಅವನು, ನನಗೆ ಮತ್ತೆ ಕಾಯೋದು ಇದ್ದೇ ಇದೆ. ಅದಕ್ಕಲ್ಲ ನಾನು ಬಂದಿದ್ದು."

ಮುದುಕಿ ಬೆಂಚಿನ ಹತ್ತಿರಕ್ಕೆ ಬಂದಳು.

"ಎರಡು ತಿಂಗಳು ಇವನಿಗೆ ಅತ್ತಿದ್ದೀನಿ ತಾಯೀ. ಎಂಥೋನು ಅಂತಾನೂ ಗೊತ್ತಿಲ್ಲ. ಹೇಳ್ತೀಯಾ?"

ಹೆಂಗಸು ಅವಳನ್ನೇ ನೋಡುತ್ತ ಕೂತಳು. ಕೈಗಳು ಮಡಿಲಲ್ಲಿ ಬಿಗಿದಿದ್ದವು. ಕೊನೆಗೆ ಬೆಂಚಿನ ಒಂದು ಬದಿಗೆ ಸರಿದು ಜಾಗ ಮಾಡಿದಳು.

"ಬಾಯಿ ಮುಚ್ಚಿದೋನೇ ಅಲ್ಲ," ಎಂದಳು. "ನಿದ್ದೇಲೂ ಮಾತಾಡ್ತಿದ್ದ."