ತಲೆ ಎತ್ತದ ಅಳಿವೆಕೊಪ್ಪ

ಬಹಳ ಬಹಳ ಹಿಂದೆ, ಹಂಸಗಳು ರಥ ಎಳೆಯುತ್ತಿದ್ದ, ಕಲ್ಲುಗಳು ಮಾತಾಡುತ್ತಿದ್ದ ಕಾಲದಲ್ಲಿ, ಸೋನೆಗಡ ಎಂಬ ರಾಜ್ಯವಿತ್ತು. ಅದಕ್ಕೆ ಜಯಕೇತು ಎಂಬ ರಾಜ. ಕೆಟ್ಟವನೇನಲ್ಲ ಪಾಪ, ಆದರೆ ಹೊಗಳಿಕೆಯ ಹುಚ್ಚು. ಬೆಳಿಗ್ಗೆ ಎದ್ದು ಆಕಳಿಸಿದರೂ ಪಕ್ಕದಲ್ಲಿ ಯಾರಾದರೂ ನಿಂತು ‘ಆಹಾ, ಎಂಥಾ ಆಕಳಿಕೆ!’ ಅನ್ನಬೇಕಿತ್ತು.

ಆ ರಾಜನಿಗೆ ಮಿಣುಕ ಎಂಬ ಮಂತ್ರಿ. ಮಂತ್ರಿಯೂ ಅವನೇ, ಮಾಂತ್ರಿಕನೂ ಅವನೇ. ಒಂದು ದಿನ ಅವನು ತುಂಬಿದ ಸಭೆಗೆ ಮುಚ್ಚಳ ಬಿಗಿದ ತಾಮ್ರದ ಗಿಂಡಿಯೊಂದನ್ನು ತಂದ. “ಪ್ರಭು, ಕಡಲಿನ ಬಿರುಗಾಳಿಯನ್ನೆಲ್ಲ ಹಿಡಿದು ಇದರೊಳಗೆ ಕೂಡಿಹಾಕಿದ್ದೇನೆ. ಇನ್ನು ತಮ್ಮ ರಾಜ್ಯಕ್ಕೆ ಚಂಡಮಾರುತ ಬರುವುದೇ ಇಲ್ಲ” ಎಂದ. ರಾಜ ಹಿಗ್ಗಿ ಹೀರೇಕಾಯಿಯಾದ. ಮಿಣುಕನಿಗೆ ‘ಗಾಳಿಗೆದ್ದ ಮಹಾಮಂತ್ರಿ’ ಎಂಬ ಬಿರುದು ಬಂತು, ಊರೂರಲ್ಲಿ ಡಂಗುರ ಬಿತ್ತು. ಗಿಂಡಿಯೊಳಗೆ ಏನಿತ್ತು ಅಂತೀರಾ? ಏನೂ ಇರಲಿಲ್ಲ!

ಗಾಳಿಗೆ ಯಾರು ಹೇಳಬೇಕು ಈ ಬಿರುದಿನ ಸಮಾಚಾರ? ಅದು ಬಂದೇ ಬಂತು. ನದಿ ಕಡಲು ಸೇರುವ ಕಡೆ ಅಳಿವೆಕೊಪ್ಪ ಎಂಬ ಊರಿತ್ತು. ಗಾಳಿ ಅಲ್ಲಿಯ ಮನೆಗಳ ಮಾಡು ಹಾರಿಸಿತು, ದೋಣಿಗಳನ್ನು ಮರದ ಮೇಲೆ ಕೂರಿಸಿತು. ಕಡಲು ಊರೊಳಕ್ಕೇ ನುಗ್ಗಿ ಬಾವಿಗಳನ್ನೆಲ್ಲ ಉಪ್ಪು ಮಾಡಿ ಹೋಯಿತು. ಉಳಿದ ಜನ ಗುಡ್ಡ ಹತ್ತಿ ಕೂತರು. ಬಿದ್ದ ಎಳನೀರು ಹೆಕ್ಕಿ ಹೆಕ್ಕಿ ಕುಡಿದರು. ಎಳನೀರಾದರೂ ಎಷ್ಟು ದಿನ ಬಂದೀತು?

ಆ ಊರಲ್ಲಿ ದುಗ್ಗಿ ಎಂಬ ಹೆಂಗಸು, ಅವಳ ಗಂಡ ಕೆಂಚ, ಅವರಿಗೆ ಆಗಷ್ಟೇ ಹೆಜ್ಜೆ ಇಡಲು ಕಲಿತ ಮಗಳು ನೀಲು. ಉಪ್ಪುನೀರು ಹೊಟ್ಟೆಗೆ ಸೇರಿ ನೀಲು ಬಾಡಿಹೋಗಿದ್ದಳು. “ಸಿಹಿನೀರು ಬೇಕೇ ಬೇಕು ಕಣೇ, ಇಲ್ಲದಿದ್ದರೆ ಕೂಸು ದಕ್ಕಲ್ಲ” ಎಂದಳು ಊರಿನ ಸೂಲಗಿತ್ತಿ ಈರಜ್ಜಿ.

ರಾಜಧಾನಿಯಲ್ಲಿ ‘ಆಪತ್ತಿನ ಮನೆ’ ಎಂಬುದೊಂದಿದೆ, ಅದರೊಳಗೆ ಬೆಟ್ಟದಷ್ಟು ಅಕ್ಕಿ, ಎಷ್ಟು ಬಗ್ಗಿಸಿದರೂ ಬರಿದಾಗದ ಸಿಹಿನೀರಿನ ಕೊಡ ಇದೆ ಅಂತ ದುಗ್ಗಿ ಕೇಳಿದ್ದಳು. ಆದರೆ ಹೋಗುವುದು ಹೇಗೆ? ದಾರಿಯೆಲ್ಲ ನೀರು. ಅವಳ ಹಟ್ಟಿಯೊಳಗೆ ಅಲೆ ಎಸೆದುಹೋದ ದೊಡ್ಡ ಕಡಲಾಮೆಯೊಂದು ಸಿಕ್ಕಿಕೊಂಡಿತ್ತು. ದುಗ್ಗಿ, ಕೆಂಚ ಇಬ್ಬರೂ ತಳ್ಳಿ ತಳ್ಳಿ ಅದನ್ನು ನೀರಿಗೆ ಬಿಟ್ಟರು.

“ಬಾ, ಬೆನ್ನು ಹತ್ತು” ಎಂದಿತು ಆಮೆ. “ಆದರೆ ಉಗುರು ತಾಗಿಸಬೇಡ ತಾಯಿ, ನನಗೆ ಕಚಗುಳಿ ಜಾಸ್ತಿ.”

ಆಮೆ ನದಿಗೆ ಎದುರಾಗಿ ಈಜಿ ಅವಳನ್ನು ರಾಜಧಾನಿ ಮುಟ್ಟಿಸಿತು.

ಆಪತ್ತಿನ ಮನೆಯ ಬಾಗಿಲಿಗೆ ಅಡ್ಡಲಾಗಿ ಕಲ್ಲಿನ ಸಿಂಹವೊಂದು ಮಲಗಿತ್ತು. “ಯಾರು?” ಎಂದಿತು.

“ಅಳಿವೆಕೊಪ್ಪದ ದುಗ್ಗಿ ಕಣಪ್ಪ. ಊರು ಕೊಚ್ಚಿಹೋಯ್ತು, ಮಗು ಸಾಯ್ತಾ ಇದೆ. ಬಾಗಿಲು ತೆಗಿ.”

“ತೆಗೆಯೋಕೆ ನನಗೂ ಆಸೆ. ಆದರೆ ‘ನನ್ನ ಜನ ಬಾಯಾರಿದ್ದಾರೆ’ ಅಂತ ರಾಜನೇ ತನ್ನ ಬಾಯಿಂದ ಹೇಳಬೇಕು. ಅಲ್ಲೀವರೆಗೆ ನಾನು ಅಲ್ಲಾಡೋ ಹಾಗಿಲ್ಲ. ಸಿಟ್ಟಾಗಬೇಡಮ್ಮ, ನಾನು ಕಲ್ಲು.”

ದುಗ್ಗಿ ನೇರ ಅರಮನೆಗೆ ನುಗ್ಗಿದಳು. “ಬುದ್ಧೀ, ಚಂಡಮಾರುತ ಬಂದು ನಮ್ಮನ್ನ ಬೀದಿಪಾಲು ಮಾಡ್ತು” ಎಂದಳು.

ಮಿಣುಕ ಗಿಂಡಿ ಎತ್ತಿ ತೋರಿಸಿದ. “ಚಂಡಮಾರುತವೇ? ಅದು ಇಲ್ಲಿದೆಯಲ್ಲ! ಏನೋ ಒಂದು ಮಳೆ ಹೊಯ್ದಿರಬೇಕು ಪ್ರಭು. ಹಳ್ಳಿ ಹೆಂಗಸು, ಹೆದರಿಕೊಂಡಿದ್ದಾಳೆ.”

ರಾಜನಿಗೆ ಅವಳ ಮುಖ ನೋಡಿ ಅಯ್ಯೋ ಅನಿಸಿತು. “ನಾಳೆ ನಾನೇ ಹಂಸರಥದಲ್ಲಿ ಬಂದು ಮೇಲಿಂದ ಎಲ್ಲ ನೋಡ್ತೀನಿ, ಹೋಗಿ ಬಾರಮ್ಮ” ಎಂದ.

ದುಗ್ಗಿ ಒಂದು ಚೊಂಬು ಸಿಹಿನೀರು ಬೇಡಿಕೊಂಡು, ಆಮೆಯ ಬೆನ್ನ ಮೇಲೆಯೇ ಮರಳಿ, ಅದನ್ನು ಕಡಲಿಗೆ ಬೀಳ್ಕೊಟ್ಟು, ಕುಣಿದಾಡುತ್ತ ಊರಿಗೆ ಬಂದಳು. ರಾಜರೇ ಬರ್ತಾರೆ! ಗುಡ್ಡದ ಮೇಲೆ ಸಂಭ್ರಮವೋ ಸಂಭ್ರಮ. ಊರಿನ ಯಜಮಾನ ಬಂಕಣ್ಣ ಮುಂಡಾಸು ಬಿಗಿದು ಎದ್ದು ನಿಂತ. “ರಾಜರು ಬರುವಾಗ ಊರು ಹಿಂಗಿದ್ರೆ ಮರ್ಯಾದೆಯೇನ್ರೋ? ಗುಡಿಸಿ, ಸಾರಿಸಿ!” ಎಂದ. ಸರಿ, ಮುರಿದ ತೊಲೆಗಳನ್ನೆಲ್ಲ ಮರೆಗೆ ಎಳೆದುಹಾಕಿದರು. ಕೆಸರಿನ ಮೇಲೆ ಹುಲ್ಲು ಹಾಸಿದರು. ಮಾವಿನ ತೋರಣ ಕಟ್ಟಿದರು. ಹೆಂಗಸರು ಸುಣ್ಣದ ಪುಡಿಯಲ್ಲಿ ದೊಡ್ಡ ರಂಗೋಲಿ ಬಿಟ್ಟರು. ಇದ್ದುದರಲ್ಲೇ ಒಳ್ಳೆ ಬಟ್ಟೆ ಉಟ್ಟು, ಸಾಲಾಗಿ ನಿಂತು ಕೈಮುಗಿದರು. ಅಯ್ಯೋ ನನ್ನಪ್ಪಂದಿರಾ, ಯಾರಾದರೂ ಇಂಥ ಕೆಲಸ ಮಾಡ್ತಾರಾ! ಮಾಡಿದರು. ರಾಜ ಬರುತ್ತಾನೆಂದರೆ ಗುಡಿಸುವುದು ಅಂತಲೇ ಅವರು ಕಲಿತದ್ದು.

ರಾಜ ಬಂದ, ಬಗ್ಗಿ ನೋಡಿದ. ತೋರಣ, ರಂಗೋಲಿ, ಮುಗಿದ ಕೈಗಳು.

“ಹಬ್ಬ ಮಾಡ್ತಿದ್ದಾರಲ್ಲ ಮಿಣುಕ!”

“ತಮ್ಮ ಕಾಲದಲ್ಲಿ ದಿನವೂ ಹಬ್ಬವೇ ಪ್ರಭು.”

ರಾಜ ಒಂದು ಬುಟ್ಟಿ ಸಂಪಿಗೆ ಹೂವು ಸುರಿದು ಹೊರಟುಹೋದ. ಆವತ್ತು ಮಿಣುಕನಿಗೆ ಮಾಟ ಮಾಡುವ ಅಗತ್ಯವೇ ಬೀಳಲಿಲ್ಲ. ಜನ ತಲೆಯ ಮೇಲಿನ ಹೂವು ಕೊಡವಿಕೊಂಡು ಪೆಚ್ಚಾಗಿ ನಿಂತರು.

ಮರುದಿನ ರಾಜ ಮತ್ತೆ ಹೊರಟ. ಮೊದಲ ದಿನದ ಕೈಮುಗಿತ ಅವನಿಗೆ ಅಷ್ಟು ರುಚಿಸಿತ್ತು. ಈ ಸಲ ಮಿಣುಕ ಹುಷಾರಾದ. ದೃಷ್ಟಿ ತಾಗಬಾರದೆಂದು ಹೇಳಿ ರಾಜನ ಕಣ್ಣಿಗೆ ಮಾಟದ ಕಾಡಿಗೆ ಹಚ್ಚಿದ. ಅದನ್ನು ಹಚ್ಚಿದವನಿಗೆ ಮೇಲಿಂದ ನೋಡಿದರೆ ಕೆಸರು ಬಂಗಾರದ ಗದ್ದೆಯಾಗಿ ಕಾಣುತ್ತದೆ. ಕಾಲು ನೆಲ ಮುಟ್ಟುವವರೆಗೂ ಅದು ಅಳಿಸುವುದಿಲ್ಲ.

ಈ ಸಲ ಜನ ಗುಡಿಸಲಿಲ್ಲ. ಎರಡೂ ಕೈ ಬೀಸಿ, ಎದೆ ಬಡಿದುಕೊಂಡು, “ನೀರು! ನೀರು!” ಎಂದು ಕೂಗಿದರು.

“ಏನಂತಿದ್ದಾರೆ?”

“ಹಾಡಿಕೊಂಡು ಕುಣೀತಿದ್ದಾರೆ ಪ್ರಭು, ತಮ್ಮನ್ನು ಕಂಡು!”

ರಾಜನೂ ಕೈ ಬೀಸಿದ. ಆದರೆ ಅವನ ಕಣ್ಣು ಒಂದು ಕಡೆ ತಡೆಯಿತು. ಮರದ ಬುಡದಲ್ಲಿ ಒಬ್ಬ ಹೆಂಗಸು ಮಗುವಿಗೆ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದಳು. ತಲೆಯನ್ನೇ ಎತ್ತಿರಲಿಲ್ಲ. ರಾಜ ರಥವನ್ನು ಹಿಂದಕ್ಕೆ ತಿರುಗಿಸಿ, ಕೆಳಕ್ಕಿಳಿಸಿ, ಅವಳ ಮೇಲೆ ಸುತ್ತು ಹೊಡೆಸಿದ. “ಯಾಕೆ ನನ್ನ ನೋಡಲ್ಲ ಅವಳು?” ಎಂದ. ಮಿಣುಕ ಗಡಬಡಿಸಿ ಹಂಸಗಳನ್ನು ಮೇಲಕ್ಕೆ ಹಾರಿಸಿದ.

ಅವಳು ದುಗ್ಗಿ. ರಥದ ನೆರಳು ತನ್ನ ಮೇಲೆ ಸುತ್ತಿದ್ದನ್ನು ಅವಳು ಗಮನಿಸಿದ್ದಳು. ಅಷ್ಟರಲ್ಲಿ ಈರಜ್ಜಿ ಬಂದು ನೀಲುವಿನ ಬಟ್ಟೆ ಮುಟ್ಟಿ ನೋಡಿದಳು.

“ಮಗು ಒದ್ದೆ ಮಾಡಿ ಎಷ್ಟು ಹೊತ್ತಾಯ್ತೇ?”

“ಬೆಳಗಿನಿಂದ ಇಲ್ಲ ಅಜ್ಜಿ. ಚೊಂಬಿನ ನೀರೂ ನಿನ್ನೆಗೇ ಮುಗೀತು. ಅತ್ತರೂ ಕಣ್ಣಲ್ಲಿ ನೀರಿಲ್ಲ.”

“ಹಿಂಗೇ ಆದ್ರೆ ಇನ್ನು ನಾಳೆ ಒಂದೇ ದಿನ ಕಣೇ” ಎಂದಳು ಅಜ್ಜಿ. ದುಗ್ಗಿ ಎದ್ದು ನಿಂತು ಊರವರನ್ನೆಲ್ಲ ಕರೆದಳು.

“ಕೈ ಮುಗಿದ್ವಿ, ಹೂವು ಬಿತ್ತು. ಕೈ ಬೀಸಿದ್ವಿ, ಅವರೂ ಬೀಸಿದ್ರು. ನಾನೊಬ್ಬಳು ನೋಡಲಿಲ್ಲ, ರಥ ಕೆಳಗೆ ಬಂತು. ನಾಳೆ ಯಾರೂ ತಲೆ ಎತ್ತಬೇಡಿ.”

“ಹುಚ್ಚು ಹಿಡೀತಾ ನಿಂಗೆ?” ಬಂಕಣ್ಣ ಕುತ್ತಿಗೆ ಮುಟ್ಟಿಕೊಂಡ. “ರಾಜರಿಗೆ ನಮಸ್ಕಾರ ಮಾಡದಿದ್ರೆ ತಲೆ ಉಳಿಯುತ್ತಾ?”

“ತಲೆ ಉಳಿದು ಏನು ಮಾಡ್ತೀಯ ಬಂಕಣ್ಣ, ಗಂಟಲೇ ಒಣಗಿ ಹೋಗ್ತಿದ್ರೆ? ನನ್ನ ಮಗಳಿಗೆ ನಾಳೆ ಒಂದೇ ದಿನ ಇರೋದು. ನಿನ್ನ ಕಾಲಿಗೆ ಬೀಳ್ತೀನಿ.”

ಬಂಕಣ್ಣನ ಕಣ್ಣು ಒದ್ದೆಯಾಯಿತು. “ಏಳಮ್ಮ, ಏಳು. ಹಂಗೇ ಆಗಲಿ” ಎಂದ.

ಇತ್ತ ರಾಜನಿಗೆ ನಿದ್ದೆಯೇ ಇಲ್ಲ. ಊರಿಗೆ ಊರೇ ಕುಣಿದದ್ದು ಮರೆತುಹೋಗಿ, ನೋಡದ ಆ ಒಬ್ಬಳೇ ತಲೆಯಲ್ಲಿ ಕೂತಿದ್ದಳು. ಬೆಳಗಾಗುತ್ತಲೇ ಮಿಣುಕ ಎಷ್ಟು ಬೇಡವೆಂದರೂ ಕೇಳದೆ ರಥ ಹತ್ತಿದ. ಮಿಣುಕ ಕಾಡಿಗೆ ಹಚ್ಚಿ, ಗಿಂಡಿ ಹಿಡಿದು, ಜತೆಗೇ ಕೂತ.

ಗುಡ್ಡದ ಬುಡದಲ್ಲಿ ಎಲ್ಲರೂ ಕೆಲಸದಲ್ಲಿದ್ದರು. ಕೆಂಚ ಕೆಸರು ತೋಡುತ್ತಿದ್ದ. ಬಂಕಣ್ಣ ತೊಲೆ ಎಳೆಯುತ್ತಿದ್ದ. ರಥ ಬಂತು. ಯಾರೂ ನೋಡಲಿಲ್ಲ.

ರಾಜ ನಗಾರಿ ಬಾರಿಸಿದ. ಯಾರೂ ನೋಡಲಿಲ್ಲ.

ಹೂವು ಸುರಿದ. ಯಾರೂ ನೋಡಲಿಲ್ಲ.

ಕೊರಳ ಮುತ್ತಿನ ಸರವನ್ನೇ ಕಿತ್ತು ಎಸೆದ. ಅದು ಬಂಕಣ್ಣನ ಕಾಲ ಬಳಿಯೇ ಬಿತ್ತು. ಬಂಕಣ್ಣನ ಕುತ್ತಿಗೆ ತಾನಾಗಿ ಮೇಲಕ್ಕೆ ಹೊರಳಹತ್ತಿತು, ಅಷ್ಟು ವರ್ಷದ ಅಭ್ಯಾಸ ನೋಡಿ! ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ತೊಲೆ ಎಳೆದ.

“ಇಳಿಸು ರಥಾನ!” ರಾಜ ಗುಡುಗಿದ.

“ಪ್ರಭು, ಬೇಡ, ತಮ್ಮ ಪಾದ...”

“ಇಳಿಸು ಅಂದೆ!”

ರಾಜ ಬಂಗಾರದ ಗದ್ದೆಯೆಂದುಕೊಂಡು ಧುಮುಕಿದ. ಮೊಣಕಾಲವರೆಗೆ ಕೆಸರಿನಲ್ಲಿ ಹೂತ. ಕಾಡಿಗೆ ಕರಗಿ ಕೆನ್ನೆಯ ಮೇಲೆ ಇಳಿಯಿತು. ಆಗ ಕಂಡಿತು ಅವನಿಗೆ ಅಳಿವೆಕೊಪ್ಪ. ಮಾಡಿಲ್ಲದ ಗೋಡೆಗಳು, ಮರದ ಮೇಲಿನ ದೋಣಿ, ಮೂಳೆ ಎದ್ದ ಮುಖಗಳು. ಸಿಟ್ಟಿನಲ್ಲಿ ಕೂಗಿ ಕೂಗಿ ಗಂಟಲು ಒಣಗಿತ್ತು. “ನೀರು” ಎಂದ.

ದುಗ್ಗಿ ಬಾವಿಯ ನೀರನ್ನೇ ತಂದು ಕೊಟ್ಟಳು. ರಾಜ ಒಂದು ಗುಟುಕು ಕುಡಿದು ಥೂ ಎಂದು ಉಗಿದ. “ಇದೇನಮ್ಮ, ಕಡಲನ್ನೇ ಕುಡಿಸ್ತಿದ್ದೀಯಾ?”

“ನಮ್ಮ ಊರಲ್ಲಿರೋದು ಇದೇ ಬುದ್ಧಿ. ನನ್ನ ಮಗಳೂ ಇದನ್ನೇ ಕುಡಿದದ್ದು. ನೋಡಿ” ಎಂದು ನೀಲುವನ್ನು ತೋರಿಸಿದಳು. ಮಗುವಿನ ತುಟಿ ಬಿರಿದಿತ್ತು, ಕಣ್ಣು ಗುಳಿ ಬಿದ್ದಿತ್ತು.

ರಾಜನಿಗೆ ಹೊಗಳಿಕೆ, ಸಿಟ್ಟು ಎಲ್ಲ ಮರೆತುಹೋಯಿತು. “ಅಯ್ಯೋ ದೇವರೇ” ಎಂದ. “ನನ್ನ ಜನ ಬಾಯಾರಿದ್ದಾರೆ!”

ದೂರದ ರಾಜಧಾನಿಯಲ್ಲಿ ಕಲ್ಲಿನ ಸಿಂಹ ಆ ಮಾತು ಕೇಳಿಸಿಕೊಂಡು ಎದ್ದು ನಿಂತಿತು, ಮೈ ಮುರಿಯಿತು, ಬಾಗಿಲನ್ನು ತಲೆಯಿಂದ ದೂಡಿತು. ರಥದ ಹಂಸಗಳು ಕೊರಳ ಹಗ್ಗ ಬಿಡಿಸಿಕೊಂಡು ಅತ್ತ ಹಾರಿದವು.

ಮಿಣುಕ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದ. “ನಿಲ್ಲು” ಎಂದ ರಾಜ. “ಗಿಂಡಿ ತೆಗಿ.” ಮಿಣುಕ ಮುಚ್ಚಳ ತೆಗೆದ. ಒಂದು ಜೇಡ ಹೊರಬಂದು ಅವನ ಕೈಯ ಮೇಲೆ ಹರಿದಾಡಿತು, ಅಷ್ಟೇ. ಮಾಂತ್ರಿಕನ ಸುಳ್ಳು ಎಲ್ಲರೆದುರು ಬಯಲಾದರೆ ಅದು ಅವನನ್ನೇ ತಿನ್ನುತ್ತದೆ. ಮಿಣುಕ ತೆಳ್ಳಗಾದ, ಇನ್ನೂ ತೆಳ್ಳಗಾದ, ಕೊನೆಗೆ ಸಣ್ಣ ಗಾಳಿಯಾಗಿ ಹಾರಿಹೋದ. ಭತ್ತ ತೂರುವ ಹೆಂಗಸರಿಗೆ ಆಮೇಲೆ ಅವನಿಂದ ಬಹಳ ಉಪಕಾರವಾಯಿತಂತೆ.

ಅಷ್ಟರಲ್ಲಿ ಹಂಸಗಳು ಬಂದವು, ಕೊಕ್ಕಿನಲ್ಲಿ ಬರಿದಾಗದ ಕೊಡ, ಬೆನ್ನ ಮೇಲೆ ಅಕ್ಕಿಯ ಮೂಟೆಗಳು. ಜನ ಹೋ ಎಂದು ಮುಂದೆ ಬಂದರು, ಬಂದವರು ತಾವಾಗಿಯೇ ನಿಂತು ದುಗ್ಗಿಗೆ ದಾರಿ ಬಿಟ್ಟರು.

ದುಗ್ಗಿ ನೀಲುವನ್ನು ಎತ್ತಿಕೊಂಡು ಕೊಡದ ಬಳಿ ಬಂದಳು. “ಮಗು ನನಗೆ ಕೊಡಮ್ಮ, ನೀನು ಕುಡಿಸು” ಎಂದು ರಾಜ ಕೆಸರಲ್ಲೇ ಕೂತು ನೀಲುವನ್ನು ತೊಡೆಯ ಮೇಲೆ ಹಾಕಿಕೊಂಡ.

“ಗಟಗಟ ಕುಡಿಸಬೇಡ್ವೇ, ಒಳಲೆಯಲ್ಲಿ ಹನಿ ಹನಿ ಹಾಕು” ಎಂದಳು ಈರಜ್ಜಿ. ದುಗ್ಗಿ ಹನಿ ಹನಿ ಹಾಕಿದಳು. ಮೊದಲು ತುಟಿಯಿಂದ ಹೊರಗೇ ಸೋರಿತು. ಆಮೇಲೆ ಮಗು ಚಪ್ಪರಿಸಿತು. ಆಮೇಲೆ ಒಳಲೆಯನ್ನೇ ಕಚ್ಚಿ ಹಿಡಿಯಿತು. ಹೊತ್ತು ಹೋಯಿತು. ರಾಜನ ಕಾಲು ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ.

ಬಿಸಿಲು ಬಾಗುವ ಹೊತ್ತಿಗೆ ರಾಜ ತಟ್ಟನೆ ಬೆಚ್ಚಿದ. “ಅರೆ, ಬಿಸಿ!” ಎಂದ.

ಅವನ ರೇಷ್ಮೆ ಪಂಚೆ ತೊಡೆಯಿಂದ ಮಂಡಿವರೆಗೆ ಒದ್ದೆಯಾಗಿತ್ತು.

ಈರಜ್ಜಿ ಕೈ ಹಾಕಿ ನೋಡಿದಳು. “ಮಗು ಉಚ್ಚೆ ಹೊಯ್ತು ಕಣೇ ದುಗ್ಗೀ! ಬದುಕ್ತು, ಬದುಕ್ತು!” ಎಂದು ಬೊಚ್ಚುಬಾಯಲ್ಲಿ ಕೂಗಿದಳು. ಗುಡ್ಡಕ್ಕೆ ಗುಡ್ಡವೇ ನಕ್ಕಿತು. ಕೆಂಚ ನಗುತ್ತ ಅತ್ತ. ದುಗ್ಗಿ ಮಗಳನ್ನು ಎತ್ತಿಕೊಳ್ಳಲು ಬಂದರೆ ರಾಜ ಕೊಡಲೇ ಇಲ್ಲ. “ಇರಲಿ ಬಿಡಮ್ಮ, ಇನ್ನೂ ಸ್ವಲ್ಪ ಹೊತ್ತು” ಎಂದು ಒದ್ದೆ ಪಂಚೆಯಲ್ಲೇ ಕೂತು, ನೀಲುವಿನ ಪುಟ್ಟ ಪಾದ ಹಿಡಿದುಕೊಂಡು ಹಲ್ಲು ಬಿಟ್ಟು ನಗುತ್ತಿದ್ದ.

ಆವತ್ತು ಸಂಜೆ ಅಳಿವೆಕೊಪ್ಪದಲ್ಲಿ ಎಲ್ಲರೂ ಬಿಸಿ ಗಂಜಿ ಉಂಡರು, ರಾಜನೂ ಉಂಡ. ಆಮೇಲೆ ಎಲ್ಲರಿಗೂ ಒಳ್ಳೇದೇ ಆಯಿತು, ನಮಗೂ ಆಗಲಿ.