ಮೊದಲ ಪಂಕ್ತಿಯ ಶಾಸನ

ಭಂಕೂರಿನ ಮಠದ ದಾಸೋಹದಲ್ಲಿ ಮುದುಕಿ ಬಸ್ಸಮ್ಮ ಮೊದಲ ತುತ್ತನ್ನು ಬಾಯಿಗೆತ್ತಿದ್ದಳಷ್ಟೆ. ಮಠಾಧಿಪತಿ ರೇವಣಸಿದ್ದಯ್ಯನವರು ಅವಳನ್ನು ಪಂಕ್ತಿಯಿಂದ ಎಬ್ಬಿಸಿದರು.

“ಏಳಬೇ! ಕಲ್ಲು ಕುಟ್ಟೋರ ಸಾಲು ಹೊರಗದ. ಅಲ್ಲಿ ನಾಯಿ ಮಲಗೇದ ನೋಡು, ಅದರ ಬಾಜೂಕ ಕುಂದ್ರು.”

ಕುಲವನ್ನೆಣಿಸದ ಶರಣರ ಹೆಸರಿನ ಮಠದಲ್ಲಿ ಈ ಮಾತು! ಆ ಅಂಗಳಕ್ಕೆ ಶಹಾಬಾದಿನ ಹಾಸುಗಲ್ಲು ಹಾಸುತ್ತಿದ್ದವನು ಅವಳ ಮಗ ಕಾಶಪ್ಪನೇ. ಇವರಿಗೆ ಮನುಷ್ಯರ ಮಾತು ತಾಗದು. ಕಲ್ಲೇ ಮಾತಾಡಲಿ ಎಂದು ನಿಶ್ಚಯಿಸಿದ.

ಸೇಡಂ, ಕಾಳಗಿಗಳ ಜೀರ್ಣ ದೇಗುಲಗಳಲ್ಲಿ ದುಡಿದ ಅವನಿಗೆ ಅಕ್ಷರ ಕಲಿಸಿದ್ದು ಶಾಸನಗಳೇ. ರಾತ್ರಿಗಳಲ್ಲಿ, ಯಾರಿಗೂ ಕಾಣದಂತೆ, ಒಂದು ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಬಿಡಿಸಿದ. ಕೆಳಗೆ, ಮಠ ಕಟ್ಟಿಸಿದ ಶರಣನು ಕಲ್ಲುಕುಟಿಗನೆಂದೂ, ಮೊದಲ ಪಂಕ್ತಿ ಅವನ ಕುಲಕ್ಕೆ ಸಲ್ಲತಕ್ಕದ್ದೆಂದೂ, ಇದನಳಿದವನಿಗೆ ಕವಿಲೆಯ ಕೊಂದ ಪಾಪವೆಂದೂ ಎಂಟುನೂರು ವರ್ಷ ಹಳೆಯ ಲಿಪಿಯಲ್ಲಿ ಕೆತ್ತಿದ. ಅಂಚುಗಳನ್ನು ಮುಕ್ಕಾಗಿಸಿದ. ಮಜ್ಜಿಗೆ, ಸಗಣಿ ಬಳಿದು ಪಾಚಿ ಬೆಳೆಸಿದ. ಮಠದ ಅಂಗಳದ ಬಾವಿಯ ಬಳಿ ಮೊಳದಾಳದಲ್ಲಿ, ತಂದೆ ಕಲಿಸಿದ ಶಾಸ್ತ್ರವೊಂದನ್ನೂ ಬಿಡದೆ ಅದನ್ನು ಕೂರಿಸಿ ಮಣ್ಣು ಮುಚ್ಚಿದ. ಮೇಲಿನ ನೆಲವನ್ನು ಮಾತ್ರ ಬೇಕೆಂದೇ ಸಡಿಲವಾಗಿ ಹಾಸಿದ.

ಮೂರು ಮಳೆಗಾಲ ಕಾದ. ನಾಲ್ಕನೆಯದಕ್ಕೆ ನೆಲ ಕುಸಿಯಿತು, ಮಠದವರೇ ಅಗೆಸಿದರು, ಅಕ್ಷರ ಕಂಡವು. ಅವರು ಗುಟ್ಟಾಗಿ ಕಲ್ಲನ್ನು ಒಡೆಯುವ ಮೊದಲೇ ನಿಜಾಮ ಸರ್ಕಾರದ ಚಿತ್ತಾಪುರದ ತಹಶೀಲ್ದಾರ್ ಅಮೀರ್ ಅಲಿಯವರಿಗೆ, ತಾಯಿಯನ್ನು ಪಂಕ್ತಿಯಿಂದ ಎಬ್ಬಿಸಿದ್ದನ್ನೂ ಬರೆದಿದ್ದ ಕಾಶಪ್ಪನ ಅರ್ಜಿ ಮುಟ್ಟಿತ್ತು. ತಹಶೀಲ್ದಾರರು ಬಂದು, ಗುಂಡಿಯ ಅಂಚಿನಲ್ಲಿ ನಿಂತು, ರೇವಣಸಿದ್ದಯ್ಯನವರ ಬಾಯಿಂದಲೇ ಓದಿಸಿದರು.

“ಆದಮಿ ಝೂಟ್ ಹೇಳಬಹುದುರಿ, ಸ್ವಾಮಿ. ಪತ್ಥರ್ ಹೇಳಲ್ಲ. ಮುದುಕೀನ ಒಳಗ ಕರೀರಿ.”

ಅಂದೇ ಬಸ್ಸಮ್ಮ ಮೊದಲ ಪಂಕ್ತಿಯಲ್ಲಿ ಕುಳಿತಳು. ಬಡಿಸಲು ಕಾಶಪ್ಪನೇ ನಿಂತ. ಅತ್ತ, ಶಾಸನವನ್ನು ಬಾಗಿಲಲ್ಲಿ ನಿಲ್ಲಿಸಲೆಂದು ಆಳುಗಳು ಹಾರೆ ಹಾಕಿ ಮೀಟಿದರು. ಎಂಟುನೂರು ವರ್ಷ ಅಲುಗಿಲ್ಲವೆಂದು ಎಲ್ಲರೂ ನಂಬಿದ್ದ ಆ ಕಲ್ಲಿನ ಅಡಿಯಿಂದ ರೇವಣಸಿದ್ದಯ್ಯನವರು ಏನನ್ನೋ ಆಯ್ದು, ಮಣ್ಣೊರೆಸಿ, ತಹಶೀಲ್ದಾರರ ಅಂಗೈಯಲ್ಲಿಟ್ಟರು. ಕಾಶಪ್ಪನ ಸೌಟು ಗಕ್ಕನೆ ನಿಂತಿತು. ಕಲ್ಲು ಕೂರಿಸುವ ಮುನ್ನ ಭೂಮಿತಾಯಿಗೆ ಅರಿಸಿನ ಹಚ್ಚಿದ ನಾಣ್ಯವಿಡುವುದು ಅವನ ಕುಲದ ನೇಮ; ಅಂದು ಕೈ ತಾನಾಗಿಯೇ ಅದನ್ನು ನಡೆಸಿತ್ತು. ಸಂತೆಯಲ್ಲಿ ದಿನವೂ ಓಡಾಡುವ ನಿಜಾಮರ ಎರಡಾಣೆ, ಅದರ ಮೇಲೆ ಚಾರ್ಮಿನಾರ್ ಹೊಳೆಯುತ್ತಿತ್ತು. ಆ ನೆಲ ಹಾಸಿದ್ದು ಯಾರೆಂದು ನೆನೆದು ಎಲ್ಲರ ಕಣ್ಣೂ ತನ್ನತ್ತ ಹೊರಳಿದಾಗ ಅವನು ತಾಯಿಯ ಎಲೆಗೆ ಇನ್ನೊಂದು ಸೌಟು ಸುರಿದ. “ಏಳಬ್ಯಾಡವ್ವಾ,” ಎಂದ, “ಹೊಟ್ಟಿ ತುಂಬ ಉಣ್ಣು.”